ಜೂನ್ ಪರೀಕ್ಷೆ ಮತ್ತು ಸಿ ಸೆಕ್ಷನ್

"ಸರ್, ನಾವು ಸಿ ಸೆಕ್ಷನ್ ಅದೀವ್ರಿ."

ಹೋದ ವರ್ಷದ ಪಾಠ ಏನಾದರೂ ನೆನಪಿದೆಯಾ ಅಂತ ಕೇಳಿದ್ದೆ. ಹುಡುಗ ಕೊಟ್ಟ ಉತ್ತರ ಇದು. ಮುಖದಲ್ಲಿ ಬೇಜಾರು ಏನಿಲ್ಲ. ಯಾವ ಊರಪ್ಪಾ ಅಂದರೆ ಊರ ಹೆಸರು ಹೇಳ್ತಾರಲ್ಲ, ಹಾಗೆ ಹೇಳಿದ.

ಯಾದಗಿರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಾಲೆಯ ಹೆಸರು ಬೇಡ. ಜೂನ್‌ನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧ ನಡೆಯುತ್ತದೆ, ಅದರಲ್ಲೊಂದು ಪರೀಕ್ಷೆ ಇರುತ್ತದೆ. ನಮ್ಮಲ್ಲಿ ಆ ಅಂಕ ನೋಡಿ ಮಕ್ಕಳನ್ನು ಎ, ಬಿ, ಸಿ ಅಂತ ಕೂಡಿಸುತ್ತೇವೆ. ಕೂತವರು ಮಾರ್ಚ್‌ವರೆಗೆ ಅಲ್ಲೇ.

ಯಾಕೆ ಹೀಗೆ ಅಂದರೆ, ರಿಸಲ್ಟ್. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೋಣೆ ಕೋಣೆಗೂ ಕ್ಯಾಮೆರಾ ಬಂತು. ಆ ವರ್ಷ ಉಡುಪಿ ಶೇ. 94, ನಮ್ಮ ಯಾದಗಿರಿ ಶೇ. 50.59, ರಾಜ್ಯಕ್ಕೇ ಕೊನೆ. ಮರುವರ್ಷ ಕೊನೆಯ ಜಾಗ ಪಕ್ಕದ ಕಲಬುರಗಿಗೆ ಹೋಯಿತು, ಶೇ. 42.43. ಮೇಲಿಂದ ಒತ್ತಡ ಬಂದಾಗ ಹೆಡ್ ಮಾಸ್ಟರ್ ಆದವರು ಏನಾದರೂ ಮಾಡಿ ತೋರಿಸಲೇಬೇಕು. ಸೆಕ್ಷನ್ ಮಾಡುವುದು ಎಲ್ಲಕ್ಕಿಂತ ಸುಲಭ. ಅದಕ್ಕೆ ದುಡ್ಡು ಬೇಡ, ಆದೇಶ ಬೇಡ, ಹಾಜರಿ ಪುಸ್ತಕ ಮೂರು ಮಾಡಿದರೆ ಆಯ್ತು.

ಆದರೆ ಆ ಜೂನ್ ಪರೀಕ್ಷೆ ಏನನ್ನು ಅಳೆಯುತ್ತದೆ? ಬುದ್ಧಿ ಅಂತ ನಾವು ಅಂದುಕೊಂಡಿದ್ದೇವೆ. ನಾನು ನೋಡಿದ ಮಟ್ಟಿಗೆ ಅದು ಅಳೆಯುವುದು ಹಾಜರಿ. ನಮ್ಮ ಕಡೆ ಸುಗ್ಗಿ ಮುಗಿದರೆ ಎಷ್ಟೋ ಮನೆಗೆ ಬೀಗ. ಬೆಂಗಳೂರು, ಪುಣೆ, ಮುಂಬೈ ಅಂತ ಗುಳೆ ಹೋಗುತ್ತಾರೆ, ಮಳೆ ಹೊತ್ತಿಗೆ ವಾಪಸ್ ಬರುತ್ತಾರೆ. ಜೊತೆಗೆ ಹೋದ ಮಗು ಭಿನ್ನರಾಶಿ ಪಾಠದ ದಿನ ಯಾವ ಕಟ್ಟಡದ ಮರಳಲ್ಲಿ ಆಡ್ತಿತ್ತೋ. ಇನ್ನು ತಾಂಡಾದ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ, ಗುರುಮಠಕಲ್ ಕಡೆಯವರಿಗೆ ತೆಲುಗು, ಕೆಲವರಿಗೆ ಉರ್ದು. ಲೆಕ್ಕ ಬರುತ್ತದೆ, ಲೆಕ್ಕದ ಕನ್ನಡ ಬರುವುದಿಲ್ಲ. ಇವರೆಲ್ಲ ಒಟ್ಟಾಗಿ ಸಿ.

ಸಿ ಸೆಕ್ಷನ್‌ನ ಒಬ್ಬ ಹುಡುಗಿ ಬೋರ್ಡ್ ಮೇಲೆ 320 – 500 = 180 ಅಂತ ಬರೆದಳು. ಹತ್ತನೇ ಕ್ಲಾಸು. ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹತ್ತಿ ಬಿಡಿಸೋ ಲೆಕ್ಕ ಮಾಡಿ ಕೇಳಿದೆ. ಅವ್ವ 32 ಕೆಜಿ ಬಿಡಿಸಿದಳು, ಕೆಜಿಗೆ 10 ರೂಪಾಯಿ. ಮುಂಗಡ 500 ಇಸ್ಕೊಂಡಿದ್ದೀರಿ. ಈಗ ಯಾರು ಯಾರಿಗೆ ಕೊಡಬೇಕು? ಕ್ಷಣ ತಡ ಮಾಡಲಿಲ್ಲ. "ನಾವೇ ಕೊಡಬೇಕ್ರಿ ಸರ್. ಇನ್ನ 180 ನಮ್ ಮ್ಯಾಲೇ ಅದ."

'ನಮ್ ಮ್ಯಾಲೇ ಅದ' ಅನ್ನುವುದನ್ನು ಕಾಗದದ ಮೇಲೆ ಒಂದು ಮೈನಸ್ ಗೀಟು ಎಳೆದು ಬರೆಯುತ್ತಾರೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಅದು ಎರಡು ದಿನದ ಕೆಲಸ. ನಾವು ಅವಳಿಗೆ ಇಡೀ ವರ್ಷದ ಸಿ ಕೊಟ್ಟಿದ್ದೆವು.

ಸಿ ಅಂದರೆ ಬರೀ ಕೋಣೆ ಅಲ್ಲ. ಅನುಭವಿ ಮೇಷ್ಟ್ರು ಎ ಸೆಕ್ಷನ್‌ಗೆ, ತಡವಾಗಿ ನೇಮಕವಾಗುವ ಅತಿಥಿ ಶಿಕ್ಷಕರು ಸಿಗೆ. ಎಗೆ ಪೂರ್ತಿ ಪುಸ್ತಕ, ಸಿಗೆ ಪಾಸಿಂಗ್ ಪ್ಯಾಕೇಜ್: ಒಂದು ನಕ್ಷೆ, ಥೇಲ್ಸ್ ಪ್ರಮೇಯ, ನಾಲ್ಕು ಸೂತ್ರ. ತ್ರಿಕೋನಮಿತಿ ಇವರಿಗೆ ಬರುವುದಿಲ್ಲ ಅಂತ ಕಲಿಸುವುದಿಲ್ಲ, ಕಲಿಸದಿದ್ದಕ್ಕೆ ಬರುವುದಿಲ್ಲ. ಸಿಯಿಂದ ಎಗೆ ಹೋದ ಮಗುವನ್ನು ನಾನಿನ್ನೂ ನೋಡಿಲ್ಲ.

ಹಾಗಂತ ಎಲ್ಲರನ್ನೂ ಒಟ್ಟಿಗೆ ಕೂಡಿಸಿದರೆ ಮುಗೀತು ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅವರು ಅರವತ್ತು ಮಕ್ಕಳ ಎದುರು ನಿಂತವರಲ್ಲ. ಅರ್ಧ ಜನಕ್ಕೆ ಮಗ್ಗಿ ಬಾರದಿದ್ದಾಗ ವರ್ಗಸಮೀಕರಣ ಯಾರಿಗೆ ಮಾಡಲಿ? ಗುಂಪು ಬೇಕು. ಪ್ರಾಥಮಿಕ ಶಾಲೆಗಳ 'ಓದು ಕರ್ನಾಟಕ' ಕಾರ್ಯಕ್ರಮದಲ್ಲೂ ಮಕ್ಕಳನ್ನು ಗುಂಪು ಮಾಡುತ್ತಿದ್ದರು. ಆದರೆ ಅಕ್ಷರ ಬರುವವರು, ಪದ ಓದುವವರು, ಕಥೆ ಓದುವವರು ಅಂತ. ಪದ ಬಂದ ಕೂಡಲೇ ಮಗು ಮುಂದಿನ ಗುಂಪಿಗೆ ಹೋಗುತ್ತಿತ್ತು. ಬಾಗಿಲು ತೆರೆದೇ ಇತ್ತು.

ಈ ವರ್ಷ ನಾನು ಹಾಗೇ ಮಾಡುತ್ತಿದ್ದೇನೆ. ಸೆಕ್ಷನ್ ಮುಟ್ಟುವ ಅಧಿಕಾರ ನನಗಿಲ್ಲ. ಬೆಳಗಿನ ವಿಶೇಷ ತರಗತಿ ಮಾತ್ರ ನನ್ನದು. ಅಲ್ಲಿ ಎ ಬಿ ಸಿ ಇಲ್ಲ. ಮೈನಸ್ ಗುಂಪು, ಭಿನ್ನರಾಶಿ ಗುಂಪು. ಎಡವಿದವರು ಬರಬೇಕು, ಕಲಿತ ಮೇಲೆ ಹೊರಡಬೇಕು. ಮಜಾ ಏನಂದರೆ ಭಿನ್ನರಾಶಿ ಗುಂಪಿಗೆ ಎ ಸೆಕ್ಷನ್‌ನ ಒಂಬತ್ತು ಜನ ಬಿದ್ದರು. ಕೂಡುವಾಗ ಮೇಲೆ ಮೇಲಿನದು, ಕೆಳಗೆ ಕೆಳಗಿನದು ಕೂಡಿಸುವವರು! ಮೈನಸ್ ಗುಂಪಿನ ನಮ್ಮ ಹತ್ತಿ ಲೆಕ್ಕದ ಹುಡುಗಿ ನಾಲ್ಕನೇ ದಿನಕ್ಕೇ ಕಲಿತು ಎದ್ದು ಹೋದಳು.

ಆ ಒಂಬತ್ತರಲ್ಲಿ ಒಬ್ಬನ ತಂದೆ ನಿನ್ನೆ ಫೋನ್ ಮಾಡಿದ್ದರು. "ನಮ್ ಹುಡುಗನ್ನ ಸಿ ಹುಡುಗರ ಜೋಡಿ ಯಾಕ್ ಕೂಡಿಸೀರಿ ಸರ್?" ಫೋನಲ್ಲಿ ಹೇಳಿದರೆ ತಿಳಿಯುವ ವಿಷಯ ಅಲ್ಲ. ಭಾನುವಾರ ಅವರ ಮನೆಗೆ ಹುಡುಗನ ನೋಟ್‌ಬುಕ್ ಹಿಡ್ಕೊಂಡೇ ಹೋಗುತ್ತೇನೆ. ಚಹಾ ಕೊಡ್ತಾರೋ, ಬೈದು ಕಳಿಸ್ತಾರೋ ನೋಡೋಣ.