ಬರ್ಲಿನ್‌ನಲ್ಲಿ ಮನೆ ಹುಡುಕೋರಿಗೆ

ಬರ್ಲಿನ್‌ಗೆ ಹೋಗೋರು ಊರ ನಡುವೆ ಮಿಟ್ಟೆಯಲ್ಲೇ ಮನೆ ಹಿಡೀಬೇಕು ಅಂತ ಕೆಲವರು ಬರೀತಾರೆ. ನಾನು ಒಪ್ಪಲ್ಲ. ನನ್ನ ಮಗಳು ಹೊರಟಾಗ ಇಲ್ಲಿ ಸರಸ್ವತಿಪುರಂನಲ್ಲಿ ಕೂತು ರಾತ್ರಿಯೆಲ್ಲ ಮ್ಯಾಪ್ ನೋಡಿದ್ವಿ. ಕೊನೆಗೆ ಅವಳು ಹಿಡಿದಿದ್ದು ಪಶ್ಚಿಮದ ತುದಿಯ ಸ್ಪಾಂಡೌ. ದೂರ ನಿಜ, ಆದರೆ ಯು7 ಮೆಟ್ರೊ ಅಲ್ಲಿಂದಲೇ ಹೊರಡುತ್ತೆ, ಬರ್ಲಿನ್ ನಗರದೊಳಗಿನ ಓಡಾಟಕ್ಕಿರೋ ಎಬಿ ವಲಯದ ಪಾಸ್ ಸಾಕು. ಮೊದಲ ಸಂಜೆ ವಿಡಿಯೋ ಕಾಲ್‌ನಲ್ಲಿ ಹಾವೆಲ್ ನದಿ ತೋರಿಸಿದಳು. ಜೂನ್ ತಿಂಗಳು, ರಾತ್ರಿ 9 ಗಂಟೆಗೂ ಬೆಳಕಿತ್ತು, ಅಜ್ಜಿಯೊಬ್ಬರು ಸೈಕಲ್ ಬುಟ್ಟಿಯಲ್ಲಿ ತರಕಾರಿ ತರ್ತಿದ್ರು. ಆವತ್ತು ನಾನು ನೆಮ್ಮದಿಯಾಗಿ ಮಲಗಿದೆ.

ಏರಿಯಾಕ್ಕಿಂತ ಮೊದಲು ಬಾಡಿಗೆ ಸರಿಯಾಗಿ ಕೇಳಿ. ಕಾಲ್ಟ್‌ಮೀಟೆ ಅಂದ್ರೆ ಬರೀ ಮನೆ ಬಾಡಿಗೆ, ವಾರ್ಮ್‌ಮೀಟೆಗೆ ಮೇಂಟೆನೆನ್ಸ್, ಸಾಮಾನ್ಯವಾಗಿ ಹೀಟಿಂಗ್ ಖರ್ಚೂ ಸೇರುತ್ತೆ. ಅಡ್ವಾನ್ಸ್ 3 ತಿಂಗಳ ಕಾಲ್ಟ್‌ಮೀಟೆ ಮೀರೋ ಹಾಗಿಲ್ಲ, ಅದು ಅಲ್ಲಿನ ಕಾನೂನು. ಮನೆ ನೋಡದೆ ಮಾತ್ರ ದುಡ್ಡು ಕಳಿಸಬೇಡಿ.