ಪಾಳಿ ಸೈರನ್ನೇ ನಮ್ಮ ಮನೆಯ ಗಡಿಯಾರ
ತೆಲಂಗಾಣದ ಇಲ್ಲಂದು ಊರಿನ ಕಲ್ಲಿದ್ದಲು ಗಣಿಯ ಕ್ವಾರ್ಟರ್ಸ್ ಬದುಕಿನ ಬಗ್ಗೆ ನೀವು ಬರೆದ ಲೇಖನ ತುಂಬಾ ಹಿಡಿಸಿತು. ನಮ್ಮಪ್ಪ ರಾಯಚೂರಿನಿಂದ ಹೋಗಿ ಅದೇ ಕಡೆಯ ಕೊತ್ತಗೂಡೆಂನಲ್ಲಿ ಸಿಂಗರೇಣಿ ಕಲ್ಲಿದ್ದಲು ಕಂಪನಿಯ ಗಣಿ ಕೆಲಸಕ್ಕೆ ಸೇರಿದವರು. ಅವರಿಗೆ ರಾತ್ರಿ ಪಾಳಿ ಇದ್ದ ವಾರ ಹಗಲೆಲ್ಲ ನಾವು ಪಿಸುಮಾತಲ್ಲೇ ಆಡಬೇಕು. ಹಗ್ಗದ ಮೇಲೆ ಬಟ್ಟೆ ಜಾಸ್ತಿ ಹೊತ್ತು ಬಿಟ್ಟರೆ ಕರಿ ಧೂಳು ಕೂರುತ್ತಿತ್ತು. ಅಡುಗೆಯೂ ಕಲ್ಲಿದ್ದಲ ಒಲೆಯಲ್ಲೇ. ಹೊಗೆ ಪೂರ್ತಿ ಅಡಗುವ ತನಕ ಒಲೆ ಅಂಗಳದಲ್ಲಿರಬೇಕು, ಆಮೇಲೆ ಒಳಗೆ. ಅವ್ವ ಆ ಕೆಂಡದಲ್ಲಿ ಸುಟ್ಟ ಜೋಳದ ರೊಟ್ಟಿಗೆ ಪಕ್ಕದ ಮನೆಯ ತೆಲುಗು ಮಕ್ಕಳೂ ಬಂದು ಕೂರುತ್ತಿದ್ದರು.

1871ರಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ಇಲ್ಲಂದು ಬಳಿ ಕಲ್ಲಿದ್ದಲು ಗುರುತಿಸಿದ್ದು, 1920ರಲ್ಲಿ ಸಿಂಗರೇಣಿ ಕಂಪನಿ ಆದದ್ದು ಎಲ್ಲರೂ ಬರೆಯುತ್ತಾರೆ. ಹೊತ್ತಲ್ಲದ ಹೊತ್ತಲ್ಲಿ ಸೈರನ್ ಕೂಗಿದರೆ, ಗಣಿಯಲ್ಲಿ ಏನೋ ಅವಘಡ ಆಗಿದೆ ಅಂತ ಗಣಿ ಬಾಯಿಗೆ ಓಡುತ್ತಿದ್ದ ಹೆಂಗಸರ ಬಗ್ಗೆ ಬರೆದವರು ಕಡಿಮೆ ಅಲ್ವಾ? ದಯವಿಟ್ಟು ಅದನ್ನೂ ಬರೆಯಿರಿ.