42 ಸೆಕೆಂಡಿಗೊಂದು ಜರ್ಕು

ಸಿನಿಮಾದಲ್ಲಿ ಕ್ಯಾಮೆರಾ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಲು ಶುರುವಾದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಕೊಲೆ, ಚೇಸು, ದೆವ್ವ ಯಾವುದಕ್ಕೂ ಹೆದರುವವನಲ್ಲ ನಾನು. ಆದರೆ ಬೆಟ್ಟದ ಸಾಲಿನ ಮೇಲೆ ಕ್ಯಾಮೆರಾ ಸಾವಕಾಶ ಸಾಗುವ ಆ ಶಾಂತ ದೃಶ್ಯ ಇದೆಯಲ್ಲ, ಅದು ಬಂತೆಂದರೆ ಸೋಫಾದ ತುದಿಗೆ ಬಂದು ಕೂರುತ್ತೇನೆ. ಈಗ ಎಡವುತ್ತದೆ, ಈಗ ಎಡವುತ್ತದೆ... ಹಾಂ, ಎಡವಿತು.

"ನೋಡಿದ್ಯಾ?" ಎಂದು ಹೆಂಡತಿಯನ್ನು ಕೇಳುತ್ತೇನೆ.

"ಏನನ್ನ?"

"ಜರ್ಕು!"

"ಯಾರಿಗೆ?"

ಟಿವಿ ಕೆಳಗೆ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರಿಗೆ ಈ ಕಾಯಿಲೆ ಒಂದಲ್ಲ ಒಂದು ದಿನ ಅಂಟುತ್ತದೆ. ಹೋಮ್ ಥಿಯೇಟರ್ ಪಿಸಿ ಅನ್ನೋದು ಅದರ ದೊಡ್ಡ ಹೆಸರು. ಮನೆಯವರ ಬಾಯಲ್ಲಿ ಅದು "ನಿಮ್ಮ ಡಬ್ಬ". ಒಂದು ಸ್ಟ್ರೀಮಿಂಗ್ ಕಡ್ಡಿ ಟಿವಿಗೆ ಚುಚ್ಚಿದ್ದರೆ ಸಾಕಿತ್ತಲ್ಲ ಎಂಬುದು ಅವರ ವಾದ. ಅದಕ್ಕೆ ನನ್ನ ಹತ್ತಿರ ಉತ್ತರ ಇದೆ. ಆದರೆ ಉತ್ತರ ಮುಗಿಯುವ ತನಕ ಯಾರೂ ಕೂರುವುದಿಲ್ಲ.

ಭಾಮೈದ ಬಂದಾಗಲೆಲ್ಲ ಒಂದೇ ಮಾತು. "ನೆಟ್ ಸ್ಲೋ ಇರ್ಬೇಕು ಭಾವ." ಫೈಲು ಇದೇ ಡಬ್ಬದ ಹಾರ್ಡ್ ಡಿಸ್ಕಿನಲ್ಲಿದೆ ಮಾರಾಯ, ನೆಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಬಿಡಿಸಿ ಹೇಳಿದರೆ ತಲೆಯಾಡಿಸುತ್ತಾನೆ. ಆಮೇಲೆ ಎದ್ದು ಹೋಗಿ ರೌಟರ್ ಆಫ್ ಮಾಡಿ ಆನ್ ಮಾಡುತ್ತಾನೆ. ಪಾಪ, ಒಳ್ಳೆಯ ಹುಡುಗ.

ಹಾಗಂತ ನೆಟ್‌ವರ್ಕನ್ನು ಪೂರ್ತಿ ಬಿಟ್ಟುಬಿಡುವ ಹಾಗೂ ಇಲ್ಲ. ಫೈಲು ಬೇರೆ ಕೋಣೆಯ ಕಂಪ್ಯೂಟರಿನಿಂದ ವೈಫೈ ಮೇಲೆ ಬರುತ್ತಿದ್ದರೆ, ಅಡುಗೆಮನೆಯ ಮೈಕ್ರೋವೇವ್ ಓಡಿದಾಗ ಸಿನಿಮಾ ನಿಂತು ನಿಂತು ಬರಬಹುದು. ಮೈಕ್ರೋವೇವ್, ಬಹಳಷ್ಟು ವೈಫೈ ಎರಡೂ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ತರಂಗಗಳ ಸುತ್ತಮುತ್ತಲೇ. ಇನ್ನು ಡಿಕೋಡರ್, ಅಂದರೆ ಒತ್ತಿಟ್ಟ ವಿಡಿಯೋವನ್ನು ಬಿಡಿಸುವವನ ಕಥೆ. ಗ್ರಾಫಿಕ್ಸ್ ಚಿಪ್ಪಿಗೆ ಆ ವಿಡಿಯೋದ ಭಾಷೆ ಗೊತ್ತಿಲ್ಲದಿದ್ದರೆ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಅಂಥ ಒಂದು ಭಾಷೆ, ಎವಿ1 ಅನ್ನುವ ಕೋಡೆಕ್, ಹೊರಬಂದದ್ದು 2018ರಲ್ಲಿ. ನನ್ನ ಡಬ್ಬ ಅದಕ್ಕಿಂತ ಹಿರಿಯ. ಅಂಥ ಫೈಲು ಹಾಕಿದರೆ ಫ್ಯಾನು ಎಷ್ಟು ಜೋರಾಗಿ ಕೂಗುತ್ತದೆಂದರೆ, ಚಿತ್ರ ಎಡವಿದ್ದಕ್ಕಿಂತ ಮೊದಲು ಡೈಲಾಗ್ ಕೇಳಿಸುವುದು ನಿಲ್ಲುತ್ತದೆ.

ಈ ತರಹದ ಜರ್ಕುಗಳಿಗೆಲ್ಲ ಒಂದು ಗುಣ ಇದೆ. ಅವು ಹೊತ್ತು ಗೊತ್ತು ನೋಡಿ ಬರುವುದಿಲ್ಲ. ಗಲಾಟೆ ದೃಶ್ಯದಲ್ಲಿ ನಾಲ್ಕು ಬಂದು ಆಮೇಲೆ ಸುಮ್ನೆ ಇರುತ್ತವೆ. ನನ್ನ ಜರ್ಕು ಹಾಗಲ್ಲ. ಅದು ಟೈಮ್ ಟೇಬಲ್ ಹಾಕಿಕೊಂಡು ಬರುತ್ತಿತ್ತು. ಹಾಗಾಗಿ ಪರದೆಯ ಮೇಲೆ ತಾಯಿ ಮಗ ವರ್ಷಗಳ ಮೇಲೆ ಭೇಟಿಯಾಗಿ ಅಳುತ್ತಿದ್ದರೆ, ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ, ನಾನು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತಿದ್ದೆ. ಹತ್ತಿರ ಹತ್ತಿರ 42 ಸೆಕೆಂಡು. ಮತ್ತೆ 42. "ಸಿಕ್ತು!" ಎಂದು ಕೂಗಿದೆ. "ಹೂಂ, ಕೊನೆಗೂ ಮಗ ಸಿಕ್ಕಿದ," ಎಂದರು ಅಮ್ಮ, ಮೂಗು ಒರೆಸಿಕೊಳ್ಳುತ್ತಾ.

ಈ 42ರ ಜಾತಕ ಬಲು ದೂರ ಹೋಗುತ್ತದೆ. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ ಅಂತ ನಾವೆಲ್ಲ ಕೇಳಿದ್ದೇವೆ, ಅಲ್ವಾ? ಮನೆಗೆ ಬರುವ ಫೈಲಿನಲ್ಲಿ ಬಹಳ ಸಲ ಅದು 24 ಅಲ್ಲ, 23.976. ಯಾಕೆಂದರೆ 1953ರಲ್ಲಿ ಅಮೆರಿಕದ ಇಂಜಿನಿಯರುಗಳು ಕಪ್ಪುಬಿಳುಪು ಟಿವಿಯ ಸಿಗ್ನಲ್ಲಿನಲ್ಲೇ ಬಣ್ಣವನ್ನೂ ತುರುಕಬೇಕಾಯಿತು. ಬಣ್ಣದ ಸಿಗ್ನಲ್ಲು ಧ್ವನಿಯ ಸಿಗ್ನಲ್ಲಿಗೆ ತಗುಲಿ ಚಿತ್ರ ಕೆಡಬಾರದೆಂದು, ಸೆಕೆಂಡಿಗೆ 30 ಇದ್ದದ್ದನ್ನು ಒಂದು ಚೂರು ಇಳಿಸಿ 29.97 ಮಾಡಿದರು. ಆ ಟಿವಿಗೆ ಹೊಂದಿಸಲು ಸಿನಿಮಾದ 24 ಕೂಡ 23.976 ಆಯಿತು. ಆ ಟಿವಿಗಳು ಹೋದವು, ಆ ಪ್ರಸಾರವೂ ಹೋಯಿತು. ದಶಮಾಂಶ ಮಾತ್ರ ನನ್ನ ಮನೆಯ ಹಾಲ್‌ಗೆ ಬಂದು ಕೂತಿದೆ.

ಟಿವಿಯನ್ನು ಸರಿಯಾಗಿ 24 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 24 ಸಲ ಚಿತ್ರ ಬದಲಿಸುವಂತೆ ಓಡಿಸಿ 23.976ರ ಸಿನಿಮಾ ಹಾಕಿದರೆ, ಪ್ರತಿ 41.7 ಸೆಕೆಂಡಿಗೆ ಒಂದು ಚಿತ್ರ ಸಾಲದೆ ಹೋಗುತ್ತದೆ. ಆಗ ಹಿಂದಿನ ಚಿತ್ರವನ್ನೇ ಇನ್ನೊಮ್ಮೆ ತೋರಿಸಬೇಕು. ಅದೇ ನನ್ನ ಜರ್ಕು. ತಮಾಷೆ ಏನೆಂದರೆ ಟಿವಿಯ ಈ ವೇಗವನ್ನು ಆರಿಸುವ ವಿಂಡೋಸ್‌ನ ಹಳೆಯ ಪಟ್ಟಿಯಲ್ಲಿ 23 ಹರ್ಟ್ಸ್ ಅಂತ ಒಂದು, 24 ಅಂತ ಇನ್ನೊಂದು ಇರುತ್ತದೆ. ಸಿನಿಮಾ 24 ಅಂತ ಗೊತ್ತಿರುವ ಯಾವ ಮನುಷ್ಯನಾದರೂ 24 ಅನ್ನೇ ಒತ್ತುತ್ತಾನೆ. ಆದರೆ ಆ 23 ಎಂದರೆ 23.976, ದಶಮಾಂಶವನ್ನು ಕತ್ತರಿಸಿ ಬಿಸಾಕಿದ್ದಾರೆ ಅಷ್ಟೇ. ಅದನ್ನು ಮೊದಲೇ ಪೂರ್ತಿ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಹಾಗಾದರೆ ಎಲ್ಲ ಟಿವಿಯಲ್ಲೂ ಇರುವ 60 ಹರ್ಟ್ಸ್‌ನಲ್ಲೇ ಬಿಟ್ಟರೆ ಆಗದೇ? ಆಗುತ್ತದೆ, ಲೋಕದಲ್ಲಿ ಬಹಳ ಜನ ಹಾಗೇ ನೋಡುತ್ತಾರೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಬರುವುದಿಲ್ಲವಾದ್ದರಿಂದ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತಾರೆ. ಒಂದು ಗಿಡ್ಡ, ಒಂದು ಎತ್ತರ ಇರುವ ಮೆಟ್ಟಿಲು ಹತ್ತಿದ ಹಾಗೆ. ಸಿನಿಮಾ ಪೂರ್ತಿ ಸಣ್ಣಗೆ ಕುಂಟುತ್ತಲೇ ಇರುತ್ತದೆ. 42 ಸೆಕೆಂಡಿಗೊಮ್ಮೆ ಎಡವುವುದಕ್ಕಿಂತ ಇದು ವಾಸಿಯೇ ಎಂದು ಕೇಳಿದರೆ, ಅದು ಮನುಷ್ಯನ ಸ್ವಭಾವದ ಪ್ರಶ್ನೆ.

ಟಿವಿಯ ಒಳಗೇ ಒಂದು ಔಷಧಿ ಇರುತ್ತದೆ, ಮೋಷನ್ ಸ್ಮೂತಿಂಗ್ ಅಂತ. ಎರಡು ಚಿತ್ರದ ನಡುವೆ ಇಲ್ಲದ ಚಿತ್ರವನ್ನು ಟಿವಿಯೇ ಕಲ್ಪಿಸಿ ತೂರಿಸುತ್ತದೆ. ಎಲ್ಲ ನುಣ್ಣಗೆ ಹರಿಯುತ್ತದೆ, ಆದರೆ ಸಿನಿಮಾ ಕಳೆ ಹೊರಟುಹೋಗುತ್ತದೆ. ಪರೀಕ್ಷೆಗೆಂದು ಒಂದು ಸಂಜೆ ಅದನ್ನು ಹಾಕಿದ್ದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಈಗ ಸರಿಯಾಯ್ತು ನೋಡೋ, ಧಾರಾವಾಹಿ ಥರಾನೇ ಇದೆ," ಎಂದರು. ಅದರ ಬಗ್ಗೆ ಓದಿದ ಎಲ್ಲ ವಿಮರ್ಶೆಗಳಲ್ಲೂ ಇಷ್ಟು ನಿಖರವಾದ ಮಾತು ಇರಲಿಲ್ಲ. ತಕ್ಷಣ ಆಫ್ ಮಾಡಿದೆ. ಅಮ್ಮ ಇನ್ನೂ ಆ ಸಂಜೆಯನ್ನು ನೆನೆಸಿಕೊಳ್ಳುತ್ತಾರೆ.

ಈ ರಿಪೇರಿ ಕಾಲದಲ್ಲಿ ನಾನು ಅತಿ ಹೆಚ್ಚು ನೋಡಿದ್ದು ಸಿನಿಮಾ ಮುಗಿದ ಮೇಲೆ ಕೆಳಗಿನಿಂದ ಮೇಲಕ್ಕೆ ಹೋಗುವ ಹೆಸರುಗಳನ್ನು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಒಂದೇ ವೇಗ. ಜರ್ಕು ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮನೆಯವರೆಲ್ಲ ಮೈಮುರಿದು ಏಳುವ ಹೊತ್ತಿಗೆ ನಾನು ಕುರ್ಚಿ ಎಳೆದುಕೊಂಡು ಟಿವಿ ಮುಂದೆ ಹೋಗಿ ಕೂರುತ್ತಿದ್ದೆ. ಕಥೆ ಏನಾಯಿತೆಂದು ಕೇಳಬೇಡಿ. ಲೈಟ್ ಹಿಡಿದವರು, ಕಾರು ಓಡಿಸಿದವರು ಯಾರೆಂದು ಬೇಕಾದರೆ ಹೇಳುತ್ತೇನೆ.

ಕೊನೆಗೆ ಡಬ್ಬದಲ್ಲಿ ಸಿನಿಮಾ ಓಡಿಸುವ ಕೋಡಿ ಎಂಬ ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ, ವಿಡಿಯೋಗೆ ತಕ್ಕ ಹಾಗೆ ಟಿವಿಯ ರಿಫ್ರೆಶ್ ರೇಟ್, ಅಂದರೆ ಆ ಹರ್ಟ್ಸ್ ಲೆಕ್ಕ, ತಾನೇ ಬದಲಾಗುವಂತೆ ಮಾಡಿದೆ. 23.976ಕ್ಕೆ 23.976, 25ಕ್ಕೆ 50, ಹೀಗೆ. ಬೆಟ್ಟದ ದೃಶ್ಯ ಹಾಕಿ ನೋಡಿದೆ. ಎಡವಲಿಲ್ಲ. ಕ್ಯಾಮೆರಾ ಈ ತುದಿಯಿಂದ ಆ ತುದಿಗೆ ಹೋಯಿತು, ನಾನು ಉಸಿರು ಬಿಟ್ಟೆ.

ಆದರೆ ರೇಟ್ ಬದಲಾಗುವಾಗ ಟಿವಿ ಒಂದೆರಡು ಸೆಕೆಂಡು ಪೂರ್ತಿ ಕಪ್ಪಾಗುತ್ತದೆ. ದೊಡ್ಡ ಸಿನಿಮಾಗೆ ಅದೇನೂ ಅಲ್ಲ. ಮಗಳು ನೋಡುವುದು ಪುಟ್ಟ ಪುಟ್ಟ ಕಾರ್ಟೂನು, ಒಂದೊಂದೂ ಒಂದೊಂದು ರೇಟಿನದು. ಒಂದು ಮುಗಿದು ಇನ್ನೊಂದು ಬರುವಾಗೆಲ್ಲ ಹಾಲ್ ಪೂರ್ತಿ ಕತ್ತಲೆ. ಅಮ್ಮ ಪ್ರತಿ ಸಲವೂ "ಕರೆಂಟ್ ಹೋಯ್ತಾ?" ಎನ್ನುತ್ತಾರೆ. ಹೆಂಡತಿ ಒಂದು ವಾರ ತಡೆದುಕೊಂಡಳು.

"ಈ ಕತ್ತಲೆ ಬರದ ಹಾಗೆ ಮಾಡೋಕಾಗಲ್ವಾ?"

"ಮಾಡಬಹುದು. ಆದ್ರೆ ಜರ್ಕು ವಾಪಸ್ ಬರುತ್ತೆ."

"ಬರ್ಲಿ ಬಿಡಿ. ಅದು ನಿಮಗೊಬ್ಬರಿಗೆ ತಾನೇ ಕಾಣೋದು?"